ಪ್ರಬಂಧದ ಮೇಲಿನ ಮೊದಲ ಹೆಸರು

ವೆನೀಟಾ ಸ್ಮಾಲ್ಸ್ ವಿಶ್ವವಿದ್ಯಾಲಯದಲ್ಲಿ ಕೆಲಸಕ್ಕೆ ಸೇರಿ ಆರನೆಯ ವರ್ಷ ನಡೆಯುತ್ತಿತ್ತು. ಸೆಪ್ಟೆಂಬರ್ ತಿಂಗಳ ಒಂದು ಸೋಮವಾರ ವಿಭಾಗದ ಮುಖ್ಯಸ್ಥ ಡಾ. ಪ್ರೂಯಿಟ್ ಅವಳನ್ನು ತಮ್ಮ ಕೋಣೆಗೆ ಕರೆದು, ಅವಳು ಒಳಗೆ ಬಂದ ಮೇಲೆ ತಾವೇ ಎದ್ದು ಬಾಗಿಲು ಮುಚ್ಚಿದರು. ಬಾಗಿಲು ಮುಚ್ಚಿದರೆ ಸುದ್ದಿ ಒಳ್ಳೆಯದಲ್ಲ ಎಂದು ಆ ವಿಭಾಗದಲ್ಲಿ ಎಲ್ಲರಿಗೂ ಗೊತ್ತಿತ್ತು.

"ಕೂತ್ಕೊಳ್ಳಿ ವೆನೀಟಾ," ಎಂದರು. ಹೋದ ವರ್ಷ ಸೇರಿದವನನ್ನೂ ಅವರು ಡಾಕ್ಟರ್ ಎಂದೇ ಕರೆಯುತ್ತಿದ್ದರು. ಇವಳು ಮಾತ್ರ ಮೊದಲ ದಿನದಿಂದ ವೆನೀಟಾ. ಅದರಲ್ಲಿ ಕೆಟ್ಟ ಉದ್ದೇಶ ಇರಲಿಲ್ಲ. ಅವರ ಬಾಯಿಗೆ ಹಾಗೆ ರೂಢಿಯಾಗಿತ್ತು.

"ನಿಮ್ಮ ಫೈಲು ನೋಡಿದೆ. ಹನ್ನೊಂದು ಪ್ರಬಂಧ ಇದೆ, ಚೆನ್ನಾಗಿದೆ. ಅದರಲ್ಲಿ ಈ ನಾಲ್ಕು, ದ್ವೀಪದ ಬಾವಿಗಳ ಮೇಲೆ ಬರೆದಿರೋವು, ಇವೇ ಗಟ್ಟಿಯಾದವು."

"ಹೌದು ಸರ್."

"ನಾಲ್ಕರಲ್ಲೂ ಮೊದಲ ಹೆಸರು ಇ. ಚಿಸಮ್ ಅಂತಿದೆ. ನಿಮ್ಮದು ಎರಡನೇದು. ಕಾಯಂ ಮಾಡೋ ಸಮಿತಿಯವರು ಕೇಳ್ತಿದಾರೆ, ಈ ಡಾಕ್ಟರ್ ಚಿಸಮ್ ಯಾವ ಯೂನಿವರ್ಸಿಟಿಲಿದಾನೆ? ನಿಮಗೆ ಗೈಡ್ ಆಗಿದ್ದನಾ?"

ವೆನೀಟಾಗೆ ನಗು ಬಂತು. ತಡೆದುಕೊಂಡಳು.

"ಡಾಕ್ಟರ್ ಅಲ್ಲ ಸರ್, ಗಂಡಸೂ ಅಲ್ಲ. ಮಿಸ್ ಎಥೆಲಿನ್ ಚಿಸಮ್ ಅಂತ. ಎಂಬತ್ತೊಂದು ವರ್ಷ. ನಮ್ಮೂರ ಶಾಲೇಲಿ ಮಕ್ಕಳಿಗೆ ಮಧ್ಯಾಹ್ನದ ಅಡುಗೆ ಮಾಡ್ತಿದ್ರು."

ಪ್ರೂಯಿಟ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಗೊತ್ತಿರುವುದನ್ನೇ ಇನ್ನೊಮ್ಮೆ ಹೇಳಬೇಕಾಗಿ ಬಂದವರ ಹಾಗೆ ನಿಧಾನವಾಗಿ ಹೇಳಿದರು. ಈ ಕ್ಷೇತ್ರದಲ್ಲಿ ಮೊದಲ ಹೆಸರು ಯಾರದೋ ಕೆಲಸ ಅವರದು. ಸಮಿತಿಯಲ್ಲಿ ಬೇರೆ ಬೇರೆ ವಿಭಾಗದ ಹನ್ನೊಂದು ಜನ ಇದ್ದಾರೆ. ಅವರು ಪ್ರಬಂಧ ಪೂರ್ತಿ ಓದುವುದಿಲ್ಲ, ಹೆಸರು ಎಲ್ಲಿದೆ ಎಂದು ನೋಡುತ್ತಾರೆ. ಅವರ ಪ್ರಕಾರ ಆ ನಾಲ್ಕು ಅವಳವಲ್ಲ. ಉಳಿಯುವ ಏಳೂ ಸಣ್ಣವು, ಅಷ್ಟರ ಮೇಲೆ ಯಾರನ್ನೂ ಕಾಯಂ ಮಾಡುವುದಿಲ್ಲ.

"ನಿಮಗೆ ಈ ನಿಯಮ ಗೊತ್ತಿರಲಿಲ್ವಾ?"

"ಗೊತ್ತಿತ್ತು."

"ಮತ್ಯಾಕೆ ಹೀಗೆ ಮಾಡಿದ್ರಿ?"

"ಅವರು ನನಗಿಂತ ದೊಡ್ಡವರು ಸರ್."

ಪ್ರೂಯಿಟ್ ಮುಂದಿನ ಮಾತಿಗೆ ಕಾದರು.

ಕೊನೆಗೆ ಅವರು ಡ್ರಾಯರಿನಿಂದ ಒಂದು ಹಾಳೆ ತೆಗೆದು ಕೊಟ್ಟರು. ತಾವೇ ಟೈಪ್ ಮಾಡಿದ್ದರು. "ನನ್ನ ಮನೆಯಲ್ಲಿದ್ದ ಕೆಲವು ಹಳೆಯ ಕಾಗದಗಳನ್ನು ಡಾ. ಸ್ಮಾಲ್ಸ್ ಅವರಿಗೆ ಎರವಲು ಕೊಟ್ಟಿದ್ದನ್ನು ಬಿಟ್ಟರೆ ಈ ನಾಲ್ಕು ಪ್ರಬಂಧಗಳಲ್ಲಿ ನನ್ನ ಪಾಲು ಏನೂ ಇಲ್ಲ" ಎಂದು ಅದರಲ್ಲಿತ್ತು. ಕೆಳಗೆ ರುಜು ಹಾಕಲು ಒಂದು ಗೆರೆ.

"ಆಕೆ ಇದಕ್ಕೆ ರುಜು ಹಾಕಿಬಿಟ್ರೆ ನಾನು ಸಮಿತಿ ಮುಂದೆ ಇಟ್ಟು ಮಾತಾಡ್ತೀನಿ. ಮುಂದಿನ ವಾರದ ಶುಕ್ರವಾರದೊಳಗೆ ಬೇಕು. ನಾನು ನಿಮ್ಮ ಪರ ಇದೀನಿ ವೆನೀಟಾ."

ಅದು ನಿಜವೇ ಇತ್ತು. ಅವರು ಅವಳ ಪರವೇ ಇದ್ದರು.

ಆ ವಿಶ್ವವಿದ್ಯಾಲಯದ ನಿಯಮ ಸರಳ. ಆರು ವರ್ಷ ನೋಡಿ ಕಾಯಂ ಮಾಡುತ್ತಾರೆ, ಇಲ್ಲವಾದರೆ ಇನ್ನೊಂದು ವರ್ಷದಲ್ಲಿ ಗಂಟುಮೂಟೆ ಕಟ್ಟಬೇಕು. ಸೌತ್ ಕೆರೊಲಿನಾದ ಆ ಕರಾವಳಿಯಲ್ಲಿ ಕುಡಿಯುವ ನೀರಿನ ಮೇಲೆ ಕೆಲಸ ಮಾಡುವ ಪ್ರಯೋಗಾಲಯ ಇನ್ನೊಂದಿರಲಿಲ್ಲ. ಇಲ್ಲಿ ಕೆಲಸ ಹೋದರೆ ಅವಳು ಸಾವಿರ ಮೈಲಿ ಆಚೆಗೆ ಹೋಗಬೇಕಿತ್ತು, ತನ್ನೂರಿನ ಬಾವಿಗಳನ್ನು ಬಿಟ್ಟು.

ಅವಳು ಹುಟ್ಟಿ ಬೆಳೆದದ್ದು ಕೂಸಬೋ ದ್ವೀಪದಲ್ಲಿ. ಸಾಕಿದ್ದು ಅಜ್ಜಿ. ದೊಡ್ಡವರ ಹೆಸರಿನ ಮುಂದೆ ಮಿಸ್ ಅಥವಾ ಮಿಸ್ಟರ್ ಇಲ್ಲದೆ ಕರೆದರೆ ಅಜ್ಜಿ ಸೋಪು ಹಾಕಿ ಬಾಯಿ ತೊಳೆಸುತ್ತಿದ್ದಳು. ಬಾಗಿಲಲ್ಲಿ ದೊಡ್ಡವರು ಮೊದಲು, ತಟ್ಟೆ ದೊಡ್ಡವರಿಗೆ ಮೊದಲು. ಚರ್ಚಿನಲ್ಲಿ ಹಂಚುವ ಕಾರ್ಯಕ್ರಮ ಪಟ್ಟಿಯಲ್ಲೂ ವಯಸ್ಸಾದವರ ಹೆಸರು ಮೇಲೆ, ಚಿಕ್ಕವರದು ಕೆಳಗೆ. ಒಂದು ವರ್ಷ ಯಾರೋ ಅದನ್ನು ಅಕ್ಷರಾನುಕ್ರಮದಲ್ಲಿ ಅಚ್ಚು ಹಾಕಿಸಿಬಿಟ್ಟಿದ್ದು ತಿಂಗಳುಗಟ್ಟಲೆ ಮಾತಾಗಿತ್ತು.

ಆ ಊರಿನಿಂದ ಅವಳು ರಸಾಯನಶಾಸ್ತ್ರ ಓದಲು ಹೋದಳು, ಡಾಕ್ಟರೇಟ್ ಮಾಡಿದಳು. ವಾಪಸು ಬಂದು ಈ ವಿಭಾಗಕ್ಕೆ ಸೇರಿದಾಗ ಅಲ್ಲಿ ಪಾಠ ಮಾಡುವ ಮೊದಲ ಕಪ್ಪು ಹೆಂಗಸು ಅವಳೇ. ಮೊದಲ ವಾರ ಪಾರ್ಸೆಲ್ ತಂದವನು ಪ್ರಯೋಗಾಲಯದ ಬಾಗಿಲಲ್ಲಿ ನಿಂತು, "ಪ್ರೊಫೆಸರ್ ಬಂದ ಮೇಲೆ ರುಜು ತಗೋತೀನಿ ಬಿಡಿ" ಎಂದು ಅವಳ ಕೈಗೆ ಕೊಡದೆ ಹೋದ. ಶನಿವಾರ ಕೆಲಸಕ್ಕೆ ಬಂದರೆ ಕಾವಲಿನವನು ಗುರುತಿನ ಚೀಟಿ ಕೇಳುತ್ತಿದ್ದ. ಎರಡನೆಯ ವರ್ಷವೂ ಕೇಳಿದ. ವಿಶ್ವವಿದ್ಯಾಲಯದ ಪ್ರಚಾರದ ಬಣ್ಣದ ಪುಸ್ತಕದಲ್ಲಿ ಅವಳ ಫೋಟೋ ಎರಡು ಕಡೆ ಇತ್ತು, ಒಂದರಲ್ಲಿ ಅವಳದಲ್ಲದ ಸೂಕ್ಷ್ಮದರ್ಶಕ ನೋಡುತ್ತಿದ್ದಳು. ಯಾವ ಸಮಿತಿ ಮಾಡಿದರೂ, ಎಲ್ಲ ಬಣ್ಣದವರೂ ಇರಬೇಕು ಎಂದು ಅವಳನ್ನು ಹಾಕಿಕೊಳ್ಳುತ್ತಿದ್ದರು. ಒಂಬತ್ತು ಸಮಿತಿ. ಮನೆ ನೆನಪಾಗಿ ಅಳು ಬಂದ ಕಪ್ಪು ಹುಡುಗಿಯರು ಬೇರೆ ಬೇರೆ ವಿಭಾಗದಿಂದ ಅವಳ ಕೋಣೆಗೇ ಬರುತ್ತಿದ್ದರು. ಬಾಗಿಲು ಹಾಕಿಕೊಂಡರೆ ಅವರು ಎಲ್ಲಿಗೆ ಹೋಗಬೇಕು ಎಂದು ಅವಳು ಹಾಕಿಕೊಳ್ಳುತ್ತಿರಲಿಲ್ಲ. ಬರೆಯುವುದಕ್ಕೆ ಅವಳಿಗೆ ಸಿಗುತ್ತಿದ್ದುದು ಬೆಳಗಿನ ಐದರಿಂದ ಏಳು.

ಬಾವಿಗಳ ಕೆಲಸ ಶುರುವಾದದ್ದು ಮಿಸ್ ಎಥೆಲಿನ್ ಅವರ ಅಡುಗೆಮನೆಯಲ್ಲಿ. ಶವಸಂಸ್ಕಾರ ಮಾಡಿಸುವ ಸಂಸ್ಥೆಯವರು ವರ್ಷವರ್ಷವೂ ಹಂಚುವ ಕ್ಯಾಲೆಂಡರ್ ಆ ದ್ವೀಪದ ಎಲ್ಲರ ಗೋಡೆಯ ಮೇಲೂ ಇರುತ್ತಿತ್ತು. ಮಿಸ್ ಎಥೆಲಿನ್ ಅವರ ಕ್ಯಾಲೆಂಡರಿನಲ್ಲಿ ಮಾತ್ರ ಒಂದೊಂದು ದಿನದ ಚೌಕದಲ್ಲೂ ಪೆನ್ಸಿಲಿನಿಂದ ಒಂದು ಮಾತು ಬರೆದಿತ್ತು: ಸಿಹಿ, ಸಪ್ಪೆ, ಉಪ್ಪು. ಶಾಲೆಗೂ ಅವರ ಮನೆಗೂ ಒಂದೇ ಬಾವಿ. ದೊಡ್ಡ ಬಿರುಗಾಳಿ ಬಂದ ವರ್ಷ ಸಮುದ್ರದ ಉಪ್ಪು ಬಾವಿಗೆ ಇಳಿದು, ಇನ್ನೂರು ಮಕ್ಕಳಿಗೆ ಬೇಯಿಸಿದ ಅವರೆ ಬಾಯಿಗಿಡಲಾಗದೆ ಚೆಲ್ಲಬೇಕಾಯಿತು. ಬೈಸಿಕೊಂಡವರು ಮಿಸ್ ಎಥೆಲಿನ್. ಮಾರನೆಯ ದಿನದಿಂದ ಬೆಳಿಗ್ಗೆ ಪಾತ್ರೆ ಇಡುವ ಮೊದಲು ನೀರು ಬಾಯಿಗೆ ಹಾಕಿ ನೋಡಿ ಬರೆಯತೊಡಗಿದರು. ನಿವೃತ್ತಿಯಾದರೂ ಬಿಡಲಿಲ್ಲ. ಆಗಲೇ ಇಪ್ಪತ್ತೆಂಟು ವರ್ಷದ ಕ್ಯಾಲೆಂಡರುಗಳು ಚರ್ಚಿನ ಬಿಳಿ ಉಡುಪು ಇಡುವ ಪೆಟ್ಟಿಗೆಯ ತಳದಲ್ಲಿದ್ದವು. ಸರಕಾರದ ಹತ್ತಿರವೂ ಅಷ್ಟು ವರ್ಷದ ದಾಖಲೆ ಇರಲಿಲ್ಲ.

ವೆನೀಟಾ ಕ್ಯಾಲೆಂಡರುಗಳನ್ನು ಕೇಳಿದ ದಿನ ಮಿಸ್ ಎಥೆಲಿನ್ ಕೇಳಿದ್ದು ಒಂದೇ ಮಾತು. "ಇದನ್ನ ಅಚ್ಚು ಹಾಕಿಸೋದಾದ್ರೆ ಯಾರ ಹೆಸರಿರತ್ತೆ?"

"ನಿಮ್ಮದೂ ನನ್ನದೂ."

"ಹಂಗಾದ್ರೆ ತಗೊಂಡ್ಹೋಗು. ಮಡಚಬೇಡ."

ಮೊದಲ ಪ್ರಬಂಧ ಮುಗಿದ ಬೆಳಿಗ್ಗೆ ವೆನೀಟಾ ಶೀರ್ಷಿಕೆಯ ಕೆಳಗೆ ಎರಡು ಹೆಸರು ಟೈಪ್ ಮಾಡಿದಳು. ತನ್ನ ಹೆಸರನ್ನು ಮೇಲೆ ಹಾಕಿ ಒಂದು ಸಲ ನೋಡಿದಳು. ಅಜ್ಜಿ ಹಿಂದೆ ನಿಂತ ಹಾಗಾಯಿತು. ಅಳಿಸಿ ಅದಲುಬದಲು ಮಾಡಿದಳು. ಕೆಲಸ ಯಾರದು ಎಂದು ಆರು ವರ್ಷದಲ್ಲಿ ವಿಭಾಗದವರಿಗೆ ಗೊತ್ತಾಗದೆ ಇರುತ್ತದೆಯೇ ಎಂದುಕೊಂಡಳು. ವಿಭಾಗದವರು ಆ ಪ್ರಬಂಧಗಳನ್ನು ಓದಿರಲೇ ಇಲ್ಲ.

ಸೋಮವಾರ ಸಂಜೆ ಅವಳು ಹಾಳೆ ಹಿಡಿದುಕೊಂಡು ಡಾ. ಬರ್ನಡೀನ್ ಟಗಲ್ ಅವರ ಕೋಣೆಗೆ ಹೋದಳು. ಟಗಲ್ ಶುಶ್ರೂಷಾ ವಿಭಾಗದವರು, ಕಾಯಂ ಆದ ಕಪ್ಪು ಹೆಂಗಸರಲ್ಲಿ ಅಲ್ಲಿ ಎಲ್ಲರಿಗಿಂತ ಹಳಬರು. ಊಟದ ಡಬ್ಬಿ ಮುಚ್ಚುತ್ತಾ ಹಾಳೆ ಓದಿದರು.

"ಅಯ್ಯೋ ಮಂಕೇ," ಎಂದರು. "ನಿನ್ನನ್ನ ಸಮಿತಿಗೆ ಹಾಕ್ದಾಗ ಬೇಡ ಅನ್ನಕ್ಕೆ ಬಾಯಿ ಬರ್ಲಿಲ್ಲ, ಸರಿ. ನಿನ್ನ ಕೆಲಸದ ಮೇಲೆ ನಿನ್ನ ಹೆಸರು ಹಾಕ್ಕೊಳಕ್ಕೂ ಕೈ ಬರ್ಲಿಲ್ವೇನೆ?"

"ಮಿಸ್ ಎಥೆಲಿನ್ ಹೆಸರಿಗಿಂತ ಮೇಲೆ ಹೆಂಗೆ ಹಾಕ್ಲಿ, ಡಾಕ್ಟರ್ ಟಗಲ್? ಅವರ ಕೈಯಡುಗೆ ಉಂಡು ಬೆಳೆದೋಳು ನಾನು."

"ನಾನೂ ಬೇಕಾದಷ್ಟು ಜನರ ಕೈಯಡುಗೆ ಉಂಡಿದೀನಿ. ಅವರ ಹೆಸರೆಲ್ಲ ನನ್ನ ಪುಸ್ತಕದ ಕೊನೇ ಪುಟದಲ್ಲಿ ಧನ್ಯವಾದ ಅಂತ ಹಾಕಿದೀನಿ." ಟಗಲ್ ಹಾಳೆಯನ್ನು ಅವಳ ಕಡೆ ತಳ್ಳಿದರು. "ನಾನು ಬಂದಾಗ ಇಲ್ಲಿ ನಾವು ಇಬ್ಬರಿದ್ವಿ. ನಾನು ಮತ್ತೆ ಗಣಿತದ ಲೂವೆಲ್ಲಾ. ಲೂವೆಲ್ಲಾ ನನಗಿಂತ ಜಾಣೆ. ಅವಳ ಫೈಲಲ್ಲಿ ಏನೋ ಒಂದು ಕಾಗದ ಕಮ್ಮಿ ಅಂದ್ರು. ಒಂದೇ ಒಂದು ಕಾಗದ. ಈಗ ಅವಳು ವಿಮಾ ಕಂಪನೀಲಿದಾಳೆ. ಹೋಗು, ರುಜು ಹಾಕಿಸ್ಕೊಂಡು ಬಾ. ಆಯಮ್ಮ ಏನು ಕಳ್ಕೋತಾರೆ?"

ಏನು ಕಳೆದುಕೊಳ್ಳುತ್ತಾರೆ ಎಂದು ವೆನೀಟಾಗೆ ಗೊತ್ತಿತ್ತು. ಮೊದಲ ಪ್ರಬಂಧದ ಮೊದಲ ಪುಟ ಮಿಸ್ ಎಥೆಲಿನ್ ಅವರ ಅಡುಗೆಮನೆಯಲ್ಲಿ ಚೌಕಟ್ಟು ಹಾಕಿಸಿಕೊಂಡು ಗೋಡೆಯ ಮೇಲಿತ್ತು. ಚರ್ಚಿನಲ್ಲಿ ಹೆಂಗಸರ ದಿನದಂದು ಪಾದ್ರಿಗಳು ಅವರನ್ನು ಎಬ್ಬಿಸಿ ನಿಲ್ಲಿಸಿ, ನಮ್ಮ ವಿಜ್ಞಾನಿ ಎಂದು ಚಪ್ಪಾಳೆ ಹೊಡೆಸಿದ್ದರು.

ಅದಲ್ಲದೆ ಇನ್ನೊಂದು ವಿಷಯವಿತ್ತು. ಹಾಳೆಯಲ್ಲಿ ಇದ್ದದ್ದು ನಿಜವಲ್ಲ.

ಎರಡನೆಯ ವರ್ಷ ವೆನೀಟಾ ಹದಿನೈದು ದಿನಕ್ಕೊಮ್ಮೆ ಶನಿವಾರ ಹೋಗಿ ಹದಿನಾಲ್ಕು ಬಾವಿಗಳಿಂದ ಶೀಸೆ ತುಂಬಿಕೊಂಡು ಬರುತ್ತಿದ್ದಳು. ಯಂತ್ರ ಉಪ್ಪು ಇಲ್ಲ ಎನ್ನುತ್ತಿತ್ತು. ಕ್ಯಾಲೆಂಡರಿನಲ್ಲಿ ಮಾತ್ರ ವಾರಕ್ಕೊಮ್ಮೆಯಾದರೂ ಉಪ್ಪು ಎಂದಿರುತ್ತಿತ್ತು. ವಯಸ್ಸಾದವರ ನಾಲಿಗೆ ಕೆಟ್ಟಿರಬೇಕು ಎಂದುಕೊಂಡಳು. ಒಂದು ದಿನ ಹಿಂಜರಿಯುತ್ತಾ ಅದನ್ನು ಹೇಳಿಯೂ ಬಿಟ್ಟಳು. ಮಿಸ್ ಎಥೆಲಿನ್ ಸಿಟ್ಟಾಗಲಿಲ್ಲ. "ನೀನು ಶನಿವಾರ ಬರ್ತೀಯ. ಉಪ್ಪು ಬರೋದು ಗುರುವಾರ. ಆಚೆ ದಡದ ಗಾಲ್ಫ್ ಮೈದಾನದೋರು ಬುಧವಾರ ಬುಧವಾರ ಹುಲ್ಲಿಗೆ ನೀರು ಬಿಡ್ತಾರೆ. ಅವರು ಎಳ್ಕೊಂಡ ಮಾರನೇ ದಿನ ನಮ್ಮ ಬಾವಿಗೆ ಸಮುದ್ರ ಬರತ್ತೆ. ಗುರುವಾರ ಬಾ," ಎಂದರು. ವೆನೀಟಾ ಗುರುವಾರ ಹೋದಳು. ಯಂತ್ರದ ಮುಳ್ಳು ಏರಿತು. ಉಳಿದ ಮೂರು ಪ್ರಬಂಧಗಳು ಹುಟ್ಟಿದ್ದು ಆ ಒಂದು ಮಾತಿನಿಂದ.

ಅಷ್ಟಾದರೂ ಅಳೆದದ್ದು, ಲೆಕ್ಕ ಕಟ್ಟಿದ್ದು, ಬರೆದದ್ದು ಎಲ್ಲ ವೆನೀಟಾ. ಹಾಗಾಗಿ ಆ ವಾರವೆಲ್ಲ ಯಾವ ಕಡೆಯಿಂದ ನೋಡಿದರೂ ಅವಳಿಗೆ ತಾನು ಕಳ್ಳಿ ಎಂದೇ ಅನಿಸುತ್ತಿತ್ತು.

ಶನಿವಾರ ಬೆಳಿಗ್ಗೆ ಅವಳು ದ್ವೀಪಕ್ಕೆ ಹೋದಳು. ಮಿಸ್ ಎಥೆಲಿನ್ ಅಡುಗೆಮನೆಯ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿಕೊಂಡು ಸೀಗಡಿಯ ತಲೆ ಮುರಿಯುತ್ತಿದ್ದರು. ಒಲೆಯ ಮೇಲೆ ಟೊಮೇಟೊ ಹಾಕಿದ ಕೆಂಪು ಅನ್ನ ಬೇಯುತ್ತಿತ್ತು.

"ಶೀಸೆ ಎಲ್ಲಿ?" ಎಂದರು, ತಲೆ ಎತ್ತದೆ.

"ಇವತ್ತು ಶೀಸೆ ತಂದಿಲ್ಲ, ಮಿಸ್ ಎಥೆಲಿನ್. ಸುಮ್ನೆ ಬಂದೆ."

"ನೀನು ಸುಮ್ನೆ ಬರೋಳಲ್ಲ. ಕೈ ತೊಳ್ಕೊಂಡು ಕೂತ್ಕೋ. ನಿನ್ನ ಮುಖ ನೋಡಿದ್ರೆ ಯಾರೋ ಸತ್ತ ಹಂಗಿದೆ. ಯಾರು ಸತ್ರು?"

"ಯಾರೂ ಇಲ್ಲ."

"ಹಂಗಾದ್ರೆ ಸೀಗಡಿ ಮುರಿ."

ವೆನೀಟಾ ಕೂತು ಮುರಿಯತೊಡಗಿದಳು. ಗೋಡೆಯ ಮೇಲಿನ ಚೌಕಟ್ಟು ಅವಳ ಎದುರಿಗೇ ಇತ್ತು. ಮಿಸ್ ಎಥೆಲಿನ್ ಪಾದ್ರಿಗಳ ಹೆಂಡತಿಯ ಹೊಸ ಟೊಪ್ಪಿಗೆಯ ವಿಷಯ ಹೇಳಿದರು. ಆ ಟೊಪ್ಪಿಗೆ ಹಿಂದೆ ಕೂತವರಿಗೆ ಪಾದ್ರಿಗಳೇ ಕಾಣುವುದಿಲ್ಲ, ಕಾಣದಿದ್ದರೆ ನಷ್ಟವೂ ಇಲ್ಲ ಎಂದರು. ವೆನೀಟಾ ನಗಲಿಲ್ಲ. ಬೋಗುಣಿ ಅರ್ಧ ತುಂಬಿತು.

"ಲೇ ಹುಡುಗಿ, ನಾಲ್ಕು ತಲೆ ಬೋಗುಣಿಗೆ ಹಾಕ್ದೆ, ಮೈ ಕಸಕ್ಕೆ ಹಾಕ್ದೆ. ಏನಾಗಿದೆ ಹೇಳು."

ಅವಳು ಕೈ ಒರೆಸಿಕೊಂಡು ಹಾಳೆ ತೆಗೆದು ಕೊಟ್ಟಳು. ವಿಷಯವನ್ನು ಮೊದಲಿಂದ ಹೇಳಿದಳು. ಮೊದಲ ಹೆಸರೆಂದರೆ ಅಲ್ಲಿ ಏನರ್ಥ, ತಾನೇಕೆ ಅವರ ಹೆಸರು ಮೇಲೆ ಹಾಕಿದೆ, ಶುಕ್ರವಾರದೊಳಗೆ ರುಜು ಇಲ್ಲದಿದ್ದರೆ ತನ್ನ ಕೆಲಸ ಏನಾಗುತ್ತದೆ. ಹೇಳುತ್ತಾ ಮೇಜು ನೋಡುತ್ತಿದ್ದಳು.

ಮಿಸ್ ಎಥೆಲಿನ್ ಕನ್ನಡಕ ಹಾಕಿಕೊಂಡು ಹಾಳೆಯನ್ನು ಎರಡು ಸಲ ಓದಿದರು.

"ಇದು ಯಾರು ಬರೆದಿದ್ದು?"

"ನಮ್ಮ ಮುಖ್ಯಸ್ಥರು."

"ಎರವಲು ಅಂತ ಬರೆದಿದಾನೆ. ನಾನು ನಿನಗೆ ಸಕ್ಕರೆ ಎರವಲು ಕೊಟ್ಟಿದೀನಿ, ಅದನ್ನ ನೀನಿನ್ನೂ ವಾಪಸ್ ಕೊಟ್ಟಿಲ್ಲ. ಕ್ಯಾಲೆಂಡರ್ ಎರವಲು ಕೊಟ್ಟಿಲ್ಲ."

"ನನ್ನನ್ನ ಕ್ಷಮಿಸಿ, ಮಿಸ್ ಎಥೆಲಿನ್. ನಿಮ್ಮ ಮರ್ಯಾದೆ..."

"ಸುಮ್ನಿರು." ಅವರು ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ಮೂರು ಲಕೋಟೆ ಇದ್ದವು. ಅಂಚೆಚೀಟಿಗಳು ಬೇರೆ ದೇಶದವು. ಮೂರರ ಮೇಲೂ ಡಾ. ಇ. ಚಿಸಮ್ ಎಂದಿತ್ತು. "ನೀನು ನನ್ನ ಹೆಸರು ಮೇಲೆ ಹಾಕಿ, ಕೆಳಗೆ ನನ್ನ ವಿಳಾಸಾನೂ ಹಾಕಿದ್ದೆ ಅಲ್ವಾ? ಒಂದು ಹಾಲೆಂಡಿಂದು, ಎರಡು ಬಾಂಗ್ಲಾದೇಶದ್ದು. ಅಲ್ಲೂ ಬಾವಿ ಉಪ್ಪಾಗ್ತಿದ್ಯಂತೆ. ಕ್ಲೋರೈಡ್ ಯಾವ ರೀತಿ ಅಳೆದ್ರಿ ಅಂತ ಕೇಳಿದಾರೆ. ನನಗೇನು ಗೊತ್ತು? ಮೂರು ವರ್ಷದಿಂದ ಬೈಬಲ್ ಕೆಳಗೆ ಇಟ್ಕೊಂಡಿದೀನಿ. ದಿನಾ ಬೈಬಲ್ ತೆಗೆದ್ರೆ ಇವು ನನ್ನ ಮುಖ ನೋಡ್ತವೆ. ಯಾರೋ ಕಷ್ಟದಲ್ಲಿರೋರು ಕೇಳಿದಾರೆ, ನಾನು ಉತ್ತರ ಕೊಟ್ಟಿಲ್ಲ."

ವೆನೀಟಾ ಲಕೋಟೆಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು. "ನನಗೆ ಹೇಳಬಾರದಿತ್ತಾ?" ಎಂದಳು.

"ಹೇಗೆ ಹೇಳ್ಲಿ? ಊರೆಲ್ಲ ಚಪ್ಪಾಳೆ ಹೊಡೆದಾಗಿದೆ. ನನಗೆ ಗೊತ್ತಿಲ್ಲ ಅಂತ ನಿನ್ನ ಮುಂದೆ ಹೆಂಗೆ ಒಪ್ಕೊಳ್ಲಿ?" ಅವರು ಕೂತರು. "ಶಾಲೆ ಅಡುಗೆಮನೆ ಬಾಗಿಲ ಮೇಲೆ ಒಂದು ಹಲಗೆ ಇತ್ತು, ನೆನಪಿದ್ಯಾ? ಇವತ್ತಿನ ಅಡುಗೆ ಯಾರದು ಅಂತ ಬರೀತಿದ್ವಿ. ಮೊದಲ ಹೆಸರು ವಯಸ್ಸಾದೋಳದು ಅಂತಲ್ಲ. ಮಗು ಹೊಟ್ಟೆ ನೋವು ಅಂದ್ರೆ ಯಾರನ್ನ ಕರೀಬೇಕೋ ಅವಳದು. ಮೊದಲ ಹೆಸರು ಅಂದ್ರೆ ಉತ್ತರ ಕೊಡೋಳು. ಆ ಅವರೆ ಉಪ್ಪಾದ ದಿನ ಮೊದಲ ಹೆಸರು ನನ್ನದಿತ್ತು, ನನ್ನನ್ನೇ ಕರೆದ್ರು, ಹೋಗಿ ನಿಂತೆ. ನೀನು ನನಗೆ ದೊಡ್ಡ ಮರ್ಯಾದೆ ಕೊಟ್ಟೆ ಅಂದ್ಕೊಂಡಿದೀಯ. ಕೇಳ್ದೆ ಕೊಟ್ಟೆ. ಕೇಳಿದ್ರೆ ಬೇಡ ಅಂತಿದ್ದೆ."

"ನಮ್ಮಜ್ಜಿ..."

"ನಿಮ್ಮಜ್ಜಿ ಬಾಗಿಲಲ್ಲಿ ದಾರಿ ಬಿಡೋದು ಕಲಿಸಿದ್ಲು. ಮನೇನೇ ಬಿಟ್ಕೊಡು ಅಂತ ಕಲಿಸ್ಲಿಲ್ಲ."

ಒಲೆಯ ಮೇಲಿನ ಅನ್ನ ತಳ ಹಿಡಿಯುವ ವಾಸನೆ ಬಂತು. ಮಿಸ್ ಎಥೆಲಿನ್ ಎದ್ದು ಉರಿ ಕಡಿಮೆ ಮಾಡಿದರು. ವೆನೀಟಾ ಪೆನ್ನು ತೆಗೆದು ಹಾಳೆಯ ಪಕ್ಕ ಇಟ್ಟಳು.

"ಅದನ್ನ ಒಳಗಿಡು. ಇದಕ್ಕೆ ನಾನು ರುಜು ಹಾಕಲ್ಲ."

ವೆನೀಟಾ ಪೆನ್ನನ್ನು ಚೀಲಕ್ಕೆ ಹಾಕಿದಳು.

"ನಿನ್ನ ಹೆಸರು ಮೊದಲು ಇರಬೇಕಿತ್ತು, ಸರಿ. ಅದಕ್ಕೆ ನನ್ನ ಪಾಲು ಏನೂ ಇಲ್ಲ ಅಂತ ಯಾಕೆ ಬರ್ಕೊಡ್ಬೇಕು? ಒಂದು ಸುಳ್ಳು ಅಳಿಸಕ್ಕೆ ಇನ್ನೊಂದು ಸುಳ್ಳಾ? ಗುರುವಾರ ನನ್ನದು. ಅದನ್ನ ಯಾರಿಗೂ ಬಿಡಲ್ಲ. ನಿಮ್ಮ ಮುಖ್ಯಸ್ಥನಿಗೆ ಬೇಕಾಗಿರೋದು ಯಾರು ಏನು ಮಾಡಿದ್ರು ಅಂತ ತಾನೇ? ನಾನೇ ಬರೀತೀನಿ. ಆ ಪೆಟ್ಟಿಗೆ ಎಳೆ."

ಪೆಟ್ಟಿಗೆಯಿಂದ ಕೊನೆಯ ಆರು ವರ್ಷದ ಕ್ಯಾಲೆಂಡರುಗಳು ಮೇಜಿಗೆ ಬಂದವು. ಇವುಗಳನ್ನು ವೆನೀಟಾ ಹತ್ತಿರದಿಂದ ನೋಡಿರಲಿಲ್ಲ. ಹಳೆಯವನ್ನಷ್ಟೇ ತೆಗೆದುಕೊಂಡು ಹೋಗಿದ್ದಳು. ಆಮೇಲಿನ ವರ್ಷಗಳಲ್ಲಿ ಬೇಕಾದ ದಿನದ ರುಚಿಯನ್ನು ಮಿಸ್ ಎಥೆಲಿನ್ ಬಾಯಲ್ಲಿ ಓದಿ ಹೇಳುತ್ತಿದ್ದರು, ಅವಳು ಬರೆದುಕೊಳ್ಳುತ್ತಿದ್ದಳು. ಈಗ ನೋಡಿದರೆ, ನೀರಿನ ರುಚಿಯ ಕೆಳಗೆ ಇನ್ನೊಂದು ಸಾಲು ಅಲ್ಲಲ್ಲಿ ಇತ್ತು, ಇನ್ನೂ ಸಣ್ಣ ಅಕ್ಷರದಲ್ಲಿ. "ವೆನೀಟಾ ಬಂದಳು, ಆರು ಗಂಟೆ, ಹದಿನಾಲ್ಕು ಬಾವಿ. ಊಟ ಮಾಡಲಿಲ್ಲ." "ವೆನೀಟಾ, ಮಳೆ, ಒಂದು ಶೀಸೆ ಒಡೆಯಿತು, ವಾಪಸು ಹೋಗಿ ತುಂಬಿದಳು." "ವೆನೀಟಾಗೆ ಜ್ವರ. ಆದರೂ ಬಂದಳು. ಊಟ ಮಾಡಲಿಲ್ಲ."

"ಇದೆಲ್ಲ ಯಾಕೆ ಬರೆದ್ರಿ?"

"ಬಾವಿಗೆ ಯಾರು ಬಂದ್ರು ಅಂತ ಬರೀಬೇಕಲ್ವಾ," ಎಂದರು, ಇಷ್ಟೂ ತಿಳಿಯದೇ ಎನ್ನುವ ಹಾಗೆ.

ಇಬ್ಬರೂ ಕೂತು ಎಣಿಸಿದರು. ಮಧ್ಯಾಹ್ನದ ತನಕ ಎಣಿಸಿದರು. ಮಿಸ್ ಎಥೆಲಿನ್ ಗೆರೆ ಹಾಳೆಯ ಮೇಲೆ ಮೊದಲು ಪೆನ್ಸಿಲಿನಲ್ಲಿ ಬರೆದು, ಓದಿ, ಆಮೇಲೆ ಮಸಿಯಲ್ಲಿ ಬರೆದರು.

"ಸಮಿತಿಯವರಿಗೆ. ನಾನು ಎಥೆಲಿನ್ ಚಿಸಮ್. ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಕೆಲಸ ಮಾಡಿದೆ. ಮೂವತ್ತನಾಲ್ಕು ವರ್ಷ ದಿನಾ ಬೆಳಿಗ್ಗೆ ಬಾವಿಯ ನೀರು ರುಚಿ ನೋಡಿ ಬರೆದಿಟ್ಟಿದ್ದೇನೆ. ಅದು ನನ್ನ ಕೆಲಸ. ಉಪ್ಪು ಗುರುವಾರ ಬರುತ್ತದೆ ಎಂದು ಕಂಡುಹಿಡಿದವಳು ನಾನು. ಅದೂ ನನ್ನದು. ಉಳಿದದ್ದೆಲ್ಲ ಡಾಕ್ಟರ್ ವೆನೀಟಾ ಸ್ಮಾಲ್ಸ್ ಅವಳದು. ಆರು ವರ್ಷದಲ್ಲಿ ನೂರ ಎಂಬತ್ತೇಳು ದಿನ ಬಂದಿದ್ದಾಳೆ. ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ಬಾವಿ ಎಂದು ಇದರ ಜೊತೆ ಪಟ್ಟಿ ಇಟ್ಟಿದ್ದೇನೆ. ಅಳೆದವಳು ಅವಳು. ಲೆಕ್ಕ ಅವಳದು. ಬರೆದವಳು ಅವಳು. ನೀವು ಪ್ರಶ್ನೆ ಕೇಳಿದರೆ ಉತ್ತರ ಕೊಡಲು ಬರುವುದು ಅವಳಿಗೆ, ನನಗಲ್ಲ. ನನ್ನನ್ನು ಕೇಳದೆ ನನ್ನ ಹೆಸರು ಮೇಲೆ ಹಾಕಿದ್ದು ಅವಳ ತಪ್ಪು. ನಮ್ಮಲ್ಲಿ ಮಕ್ಕಳನ್ನು ಹಾಗೆ ಬೆಳೆಸುತ್ತೇವೆ. ಅದಕ್ಕಾಗಿ ನಾನು ಅವಳನ್ನು ಬೈದಾಗಿದೆ, ನೀವು ಬೈಯುವ ಅಗತ್ಯವಿಲ್ಲ. ಕ್ಯಾಲೆಂಡರು ನೋಡಬೇಕೆನಿಸಿದರೆ ಇಲ್ಲಿಗೆ ಬನ್ನಿ. ಮಡಚಬಾರದು."

ವೆನೀಟಾ ಹೊರಡುವಾಗ ಬಾಗಿಲಲ್ಲಿ ನಿಂತು ಚೌಕಟ್ಟಿನ ಕಡೆ ನೋಡಿದಳು.

"ಅದು ಅಲ್ಲೇ ಇರತ್ತೆ," ಎಂದರು ಮಿಸ್ ಎಥೆಲಿನ್. "ಗಾಜಿನ ಮೇಲೆ ಬೇಕಾದ್ರೆ ಒಂದು ಚೀಟಿ ಅಂಟಿಸ್ತೀನಿ. ಆ ಮೂರು ಕಾಗದ ತಗೊಂಡ್ಹೋಗು, ಮೊದಲು ಅವಕ್ಕೆ ಉತ್ತರ ಬರಿ."

ಭಾನುವಾರ ಅವಳು ಹಾಲೆಂಡಿಗೂ ಬಾಂಗ್ಲಾದೇಶಕ್ಕೂ ಉತ್ತರ ಬರೆದಳು. ಸೋಮವಾರ ಪತ್ರವನ್ನು ಪ್ರೂಯಿಟ್ ಅವರ ಮೇಜಿನ ಮೇಲಿಟ್ಟಳು. ಅವರು ಓದಿ ಮುಖ ಸಣ್ಣ ಮಾಡಿಕೊಂಡರು.

"ನಾನು ಬರೆದುಕೊಟ್ಟಿದ್ದು ಒಂದು ಸಾಲು. ಅದಾಗಿದ್ರೆ ಸಲೀಸಾಗಿತ್ತು. ಇದರಲ್ಲಿ ಗುರುವಾರ ತನ್ನದು ಅಂತಿದಾರೆ. ಸಮಿತಿಯವರು ಅದನ್ನೇ ಹಿಡ್ಕೊಂಡ್ರೆ?"

"ಗುರುವಾರ ಅವರದೇ ಸರ್."

"ಕೆಲಸ ಹೋಗಬಹುದು, ವೆನೀಟಾ."

"ಗೊತ್ತು. ಇದನ್ನೇ ಕೊಡಿ. ಪಟ್ಟೀನೂ ಕೊಡಿ."

ಪ್ರೂಯಿಟ್ ಎರಡನ್ನೂ ಫೈಲಿಗೆ ಸೇರಿಸಿ ಸಮಿತಿಗೆ ಕೊಟ್ಟರು.

ಸಮಿತಿ ಸೇರಿದ್ದು ನವೆಂಬರಿನಲ್ಲಿ. ಒಳಗೆ ನಡೆದದ್ದು ಹೊರಗೆ ಬರಬಾರದು, ಆದರೂ ಟಗಲ್ ಅವರ ಕಿವಿಗೆ ಬಂತು. ಒಬ್ಬರು, ಅಡುಗೆಯವಳ ಜೊತೆ ಬರೆದದ್ದನ್ನು ಪ್ರಬಂಧ ಎನ್ನುವುದಾದರೆ ನಾಳೆ ಯಾರ ಜೊತೆ ಬೇಕಾದರೂ ಬರೆಯಬಹುದು ಎಂದರಂತೆ. ಇತಿಹಾಸ ವಿಭಾಗದ ಒಬ್ಬ ಮುದುಕರು ಪಟ್ಟಿಯನ್ನು ಮೊದಲಿಂದ ಕೊನೆಯವರೆಗೆ ಓದಿ, ಈ ಕೋಣೆಯಲ್ಲಿ ಕೂತಿರುವ ಹನ್ನೊಂದು ಜನರಲ್ಲಿ ಯಾರು ಯಾವ ದಿನ ಎಷ್ಟು ಗಂಟೆಗೆ ಕೆಲಸಕ್ಕೆ ಬಂದರು ಎಂದು ತೋರಿಸುವ ಇಂಥ ಒಂದು ಹಾಳೆ ಯಾರ ಹತ್ತಿರ ಇದೆ ಎಂದು ಕೇಳಿದರಂತೆ. ಕೊನೆಗೆ ಅವಳನ್ನು ಕಾಯಂ ಮಾಡಲು ಏಳು ಜನ ಹೌದು ಎಂದರು, ನಾಲ್ಕು ಜನ ಇಲ್ಲ ಎಂದರು.

ಪ್ರೂಯಿಟ್ ಈ ಸಲ ಬಾಗಿಲು ತೆರೆದೇ ಹೇಳಿದರು. "ಅಭಿನಂದನೆ, ವೆನೀಟಾ."

"ಥ್ಯಾಂಕ್ಸ್ ಸರ್. ಇನ್ನು ಮೇಲೆ ಡಾಕ್ಟರ್ ಸ್ಮಾಲ್ಸ್ ಅನ್ನಿ, ಉಳಿದವರಿಗೆ ಅನ್ನೋ ಹಾಗೆ."

ಅವರು ಕೆಂಪಗಾಗಿ, "ಹೌದು ಹೌದು," ಎಂದರು. ಆಮೇಲೆ ಎರಡು ಸಲ ಮರೆತರು. ಎರಡು ಸಲವೂ ಅವಳು ನೆನಪಿಸಿದಳು. ವಸಂತ ಬರುವಷ್ಟರಲ್ಲಿ ಮೂರು ಸಮಿತಿಗಳಿಗೆ ಬರುವುದಿಲ್ಲ ಎಂದು ಹೇಳಿದಳು. ಅಳುತ್ತಾ ಬರುವ ಹುಡುಗಿಯರಿಗೆ ಮಾತ್ರ ಬಾಗಿಲು ಹಾಕಲಿಲ್ಲ.

ಸುದ್ದಿ ಹೇಳಲು ಅವಳು ದ್ವೀಪಕ್ಕೆ ಹೋದದ್ದು ಒಂದು ಗುರುವಾರ, ಶೀಸೆಗಳನ್ನೂ ತೆಗೆದುಕೊಂಡು. ಹದಿನಾಲ್ಕು ಬಾವಿ ಮುಗಿಸಿ ಅಡುಗೆಮನೆಗೆ ಬಂದು ಸುದ್ದಿ ಹೇಳಿದಳು. ಐದನೆಯ ಪ್ರಬಂಧದ ಕರಡು ಚೀಲದಲ್ಲಿತ್ತು. ಅದನ್ನು ತೆಗೆದು ಮೇಜಿನ ಮೇಲಿಟ್ಟು, "ಮಿಸ್ ಎಥೆಲಿನ್, ಇದರ ಮೇಲೆ ಯಾರ ಹೆಸರು ಮೊದಲು?" ಎಂದು ಕೇಳಿದಳು.

"ಕಾಗದ ಬಂದ್ರೆ ಯಾರು ಉತ್ತರ ಬರೀತಾರೆ?"

"ನಾನು."

"ಮತ್ತೆ ನನ್ನನ್ಯಾಕೆ ಕೇಳ್ತೀಯ? ಕೂತ್ಕೋ. ಬೆಂಡೆಕಾಯಿ ಮಾಡಿದೀನಿ."

ಅವಳು ಕೂತಳು. ಮಿಸ್ ಎಥೆಲಿನ್ ಅವಳ ತಟ್ಟೆಗೆ ಬಡಿಸಿ, ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋದರು. ಆ ದಿನದ ಚೌಕದಲ್ಲಿ ಬೆಳಿಗ್ಗೆಯೇ "ಉಪ್ಪು" ಎಂದು ಬರೆದಾಗಿತ್ತು. ಅದರ ಕೆಳಗೆ ಸಣ್ಣದಾಗಿ ಬರೆದರು: "ವೆನೀಟಾ ಬಂದಳು, ಹದಿನಾಲ್ಕು ಬಾವಿ. ಕೆಲಸ ಕಾಯಂ ಆಯಿತು." ತಿರುಗಿ ಅವಳ ತಟ್ಟೆ ನೋಡಿದರು. ಅವಳು ಎರಡನೆಯ ಸಲ ಬಡಿಸಿಕೊಳ್ಳುವುದನ್ನು ನೋಡಿದ ಮೇಲೆ ಇನ್ನೆರಡು ಮಾತು ಸೇರಿಸಿದರು.

"ಊಟ ಮಾಡಿದಳು."